ಗಣಕದ ಕೆಂಪು ಸಾಲುಗಳು: ಪೈಥಾನ್ ಕಲಿಕೆಯ ಮೊದಲ ತೊಡಕುಗಳು

ಗಣಕಯಂತ್ರಕ್ಕೆ ಕೆಲಸ ಹೇಳುವ ವಿದ್ಯೆಯನ್ನು ಕಲಿಯಲು ಹೊರಟ ವಿದ್ಯಾರ್ಥಿಗಳು ಮೊದಲ ಹದಿನೈದು ದಿನಗಳಲ್ಲಿಯೇ ಎರಡು ಗುಂಪಾಗುವುದನ್ನು ಗಣಕದ ಕೊಠಡಿಯಲ್ಲಿ ನಿಂತು ನೋಡಿದವರೆಲ್ಲರೂ ಬಲ್ಲರು. ಒಂದು ಗುಂಪು ತಪ್ಪುತ್ತ, ತಿದ್ದುತ್ತ ಮುಂದೆ ಸಾಗುತ್ತದೆ. ಇನ್ನೊಂದು ಗುಂಪು, ಇದು ನಮಗೆ ಒಲಿಯುವ ವಿದ್ಯೆಯಲ್ಲವೆಂದು ತನ್ನೊಳಗೇ ತೀರ್ಮಾನಿಸಿಕೊಂಡು, ಪಕ್ಕದವನ ಪುಸ್ತಕದಿಂದ ನಕಲು ಮಾಡಿ ತರಗತಿಯನ್ನು ದಾಟಿಸುತ್ತದೆ. ಈ ಎರಡನೆಯ ಗುಂಪಿನಲ್ಲಿ ಬುದ್ಧಿವಂತರು ಕಡಮೆಯೇನೂ ಇಲ್ಲ. ರೇಖಾಗಣಿತದ ಪ್ರಮೇಯವನ್ನು ತಡವರಿಸದೆ ಸಾಧಿಸಿ ತೋರಿಸುವವರು, ಕನ್ನಡ ವ್ಯಾಕರಣದ ಸಂಧಿಕಾರ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸುವವರು ಅಲ್ಲಿ ಕುಳಿತಿರುತ್ತಾರೆ. ಅವರನ್ನು ಹಿಂದಕ್ಕೆ ತಳ್ಳಿದ್ದು ವಿಷಯದ ಕಾಠಿಣ್ಯವಲ್ಲ; ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ಮೂಡುವ ನಾಲ್ಕಾರು ಇಂಗ್ಲಿಷ್ ಸಾಲುಗಳು. ಅದರಲ್ಲಿಯೂ ಹಳ್ಳಿಯಿಂದ ಬಂದು ಪ್ರಸಾದನಿಲಯದಲ್ಲಿದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಆ ಸಾಲುಗಳು ಬೈಗುಳದಂತೆ ತೋರುತ್ತವೆ. ಅವು ಬೈಗುಳವಲ್ಲವೆಂಬುದನ್ನೂ ನಿಜವಾಗಿ ಹೆದರಬೇಕಾದದ್ದು ಬೇರೆಡೆ ಇದೆಯೆಂಬುದನ್ನೂ ಉದಾಹರಣೆಗಳ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪೈಥಾನ್ ಎಂಬ ಭಾಷೆ. ನೆದರ್ಲೆಂಡಿನ ಗೀಡೊ ವಾನ್ ರೋಸಮ್ ಎಂಬಾತ, ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಮತ್ತು ಗಣಕವಿಜ್ಞಾನದ ಸಂಶೋಧನ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, 1989ರ ಕ್ರಿಸ್‌ಮಸ್ ರಜೆಯಲ್ಲಿ ಇದರ ರಚನೆಗೆ ತೊಡಗಿದನು; 1991ರಲ್ಲಿ ಅದು ಮೊದಲ ಬಾರಿಗೆ ಹೊರಬಂದಿತು. ಹೆಸರನ್ನು ಕಂಡು ಹೆಬ್ಬಾವನ್ನು ನೆನೆಯುವುದು ಸಹಜ. ಆದರೆ ಅದು ಬಂದದ್ದು ಬ್ರಿಟಿಷ್ ದೂರದರ್ಶನದ ಒಂದು ಹಾಸ್ಯ ಕಾರ್ಯಕ್ರಮದ ಹೆಸರಿನಿಂದ. ಎನ್.ಸಿ.ಇ.ಆರ್.ಟಿ. ಸಂಸ್ಥೆಯ 11ನೆಯ ತರಗತಿಯ ಗಣಕವಿಜ್ಞಾನದ ಪುಸ್ತಕವು ಇದೇ ಭಾಷೆಯನ್ನು ಆಧರಿಸಿರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದರ ಪರಿಚಯ ಅವಶ್ಯವೇ ಆಗಿದೆ. ಈ ಭಾಷೆಗೆ ಮೀಸಲಾದ ಪದಗಳು ಸುಮಾರು 35 ಮಾತ್ರ. ಒಂದು ಭಾಷೆಯ ಶಬ್ದಕೋಶ ಇಷ್ಟು ಚಿಕ್ಕದಾಗಿರುವಾಗ ಅದಕ್ಕೆ ಅಂಜುವ ಕಾರಣವಿಲ್ಲ. ಓದುಗರ ಅನುಕೂಲಕ್ಕಾಗಿ ಇಲ್ಲಿ ಆಜ್ಞಾಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದಿದೆ. ಯಂತ್ರದಲ್ಲಿ ಬರೆಯುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯತಕ್ಕದ್ದು. ಪ್ರಿಂಟ್ ಎಂಬ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಅದು ಯಂತ್ರದ ಪಾಲಿಗೆ ಬೇರೆಯೇ ಪದ.

ಮೊದಲು ಕೆಂಪು ಸಾಲುಗಳನ್ನು ಓದುವ ಕ್ರಮವನ್ನು ನೋಡೋಣ. ನಮ್ಮ ಅಭ್ಯಾಸವು ಮೇಲಿನಿಂದ ಕೆಳಕ್ಕೆ ಓದುವುದು. ಈ ಸಾಲುಗಳನ್ನಾದರೋ ಕೆಳಗಿನಿಂದ ಮೇಲಕ್ಕೆ ಓದಬೇಕು. ಕಟ್ಟಕಡೆಯ ಸಾಲಿನಲ್ಲಿ ದೋಷದ ಜಾತಿ, ಅದರ ಮುಂದೆ ಎರಡು ಚುಕ್ಕೆಯ ಚಿಹ್ನೆ, ಆಮೇಲೆ ಕಾರಣ ಇರುತ್ತದೆ. ಅದಕ್ಕೂ ಮೇಲೆ, ಕ್ರಮವಿಧಿಯ ಎಷ್ಟನೆಯ ಸಾಲಿನಲ್ಲಿ ಯಂತ್ರ ಎಡವಿತೆಂಬ ಸಂಖ್ಯೆ ಇರುತ್ತದೆ. (ಪ್ರೋಗ್ರಾಂ ಎಂಬುದನ್ನು ಇಲ್ಲಿ ಕ್ರಮವಿಧಿ ಎಂದು ಕರೆದಿದೆ.) ಈ ಎರಡನ್ನು ತಿಳಿದುಕೊಂಡರೆ ಮಿಕ್ಕ ಸಾಲುಗಳನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.

ದೋಷದ ಜಾತಿಗಳು ಬಹಳವಿದ್ದರೂ ಹೊಸಬನು ಮತ್ತೆ ಮತ್ತೆ ಎದುರಿಸುವುದು ಏಳೆಂಟನ್ನು. ನೇಮ್ ಎರರ್ ಎಂದರೆ ನೀವು ಹೇಳಿದ ಹೆಸರು ಯಂತ್ರಕ್ಕೆ ಪರಿಚಯವಿಲ್ಲ. ಸಿಂಟ್ಯಾಕ್ಸ್ ಎರರ್ ಎಂದರೆ ವಾಕ್ಯರಚನೆಯೇ ಕೆಟ್ಟಿದೆ. ಇಂಡೆಂಟೇಶನ್ ಎರರ್ ಎಂದರೆ ಸಾಲಿನ ಮುಂದೆ ಬಿಟ್ಟ ಸ್ಥಳ ಸರಿಯಿಲ್ಲ. ಟೈಪ್ ಎರರ್ ಎಂದರೆ ಕೂಡದ ಎರಡು ಜಾತಿಯ ವಸ್ತುಗಳನ್ನು ಕೂಡಿಸಲು ಹೊರಟಿದ್ದೀರಿ. ವ್ಯಾಲ್ಯೂ ಎರರ್ ಎಂದರೆ ಜಾತಿ ಸರಿ, ಬೆಲೆ ಸಲ್ಲದು. ಇಂಡೆಕ್ಸ್ ಎರರ್ ಎಂದರೆ ಪಟ್ಟಿಯಲ್ಲಿ ಇಲ್ಲದ ಸ್ಥಾನವನ್ನು ಕೇಳಿದ್ದೀರಿ. ಝೀರೊ ಡಿವಿಜನ್ ಎರರ್ ಎಂದರೆ ಸೊನ್ನೆಯಿಂದ ಭಾಗಿಸಿದ್ದೀರಿ. ಮಾಡ್ಯೂಲ್ ನಾಟ್ ಫೌಂಡ್ ಎರರ್ ಎಂದರೆ ನೀವು ಕರೆದ ಪೂರಕ ಗ್ರಂಥ ಯಂತ್ರದಲ್ಲಿಲ್ಲ. ಇಷ್ಟು ಪದಗಳನ್ನು ಒಂದು ರಟ್ಟಿನ ಮೇಲೆ ಅರ್ಥಸಹಿತವಾಗಿ ಬರೆದು ಗಣಕದ ಪಕ್ಕದಲ್ಲಿ ತೂಗುಹಾಕಿದರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನಿಗೂ ನಮ್ಮ ಮಗುವಿಗೂ ಇರುವ ಅಂತರ ಬಹುಮಟ್ಟಿಗೆ ಕಳೆದುಹೋಗುತ್ತದೆ. ನಿಜ ಹೇಳುವುದಾದರೆ ಇಂಗ್ಲಿಷ್ ಬಲ್ಲವರಲ್ಲಿ ಹೆಚ್ಚಿನವರು ಆ ಸಾಲನ್ನು ಓದುವುದೇ ಇಲ್ಲ; ಕೆಂಪು ಕಂಡೊಡನೆ ಗುರುಗಳನ್ನು ಕೂಗುತ್ತಾರೆ.

ಇನ್ನೊಂದು ಸುಳಿವೂ ಉಂಟು. ಪೈಥಾನ್ ಮೊದಲು ಇಡೀ ಕಡತದ ವಾಕ್ಯರಚನೆಯನ್ನು ಪರೀಕ್ಷಿಸುತ್ತದೆ. ಅದು ಸರಿಯಿದ್ದರೆ ಮಾತ್ರ ಸಾಲು ಸಾಲಾಗಿ ನಡೆಸಲು ಆರಂಭಿಸುತ್ತದೆ. ಆದುದರಿಂದ ಒಂದು ಅಕ್ಷರವೂ ಅಚ್ಚಾಗದೆ ದೋಷ ಬಂದರೆ ರಚನೆಯಲ್ಲಿ ತಪ್ಪನ್ನು ಹುಡುಕಿರಿ. ಅರ್ಧ ಕೆಲಸವಾಗಿ ನಿಂತಿದ್ದರೆ ರಚನೆ ಸರಿಯಿದೆ, ನಡೆಯುವಾಗ ಏನೋ ಎಡವಟ್ಟಾಗಿದೆಯೆಂದು ತಿಳಿಯಿರಿ. ಯಂತ್ರ ಹೇಳುವ ಸಾಲಿನ ಸಂಖ್ಯೆಯು ಅದು ಎಡವಿದ ಜಾಗವೇ ಹೊರತು ಕಲ್ಲನ್ನಿಟ್ಟ ಜಾಗವಲ್ಲವೆಂಬುದನ್ನೂ ನೆನಪಿಡಬೇಕು. 3ನೆಯ ಸಾಲಿನಲ್ಲಿ ‘ಮೊತ’ ಎಂದು ಹೆಸರಿಟ್ಟು 8ನೆಯ ಸಾಲಿನಲ್ಲಿ ‘ಮೊತ್ತ’ ಎಂದು ಕೇಳಿದರೆ ದೋಷವು 8ನೆಯ ಸಾಲಿನಲ್ಲಿದೆಯೆಂದು ಯಂತ್ರ ಹೇಳುತ್ತದೆ. ಒತ್ತಕ್ಷರ ಬಿಟ್ಟದ್ದು 3ನೆಯ ಸಾಲಿನಲ್ಲಿ.

ಬರೆಯುವ ಕ್ರಮದ ದೋಷಗಳನ್ನು ಬೇಗನೆ ಮುಗಿಸಬಹುದು, ಏಕೆಂದರೆ ಅವನ್ನು ಯಂತ್ರವೇ ಹಿಡಿದುಕೊಡುತ್ತದೆ. ಇಫ್, ಎಲ್ಸ್, ಫಾರ್, ವೈಲ್, ಡೆಫ್ ಇವುಗಳಿಂದ ಆರಂಭವಾಗುವ ಸಾಲಿನ ಕೊನೆಗೆ ಎರಡು ಚುಕ್ಕೆಯ ಚಿಹ್ನೆ ಬೇಕು. ತೆರೆದ ಆವರಣಚಿಹ್ನೆಯನ್ನು ಮುಚ್ಚಬೇಕು. ಮುಚ್ಚದಿದ್ದಲ್ಲಿ ಹಿಂದಿನ ಆವೃತ್ತಿಗಳು ನಿರಪರಾಧಿಯಾದ ಮುಂದಿನ ಸಾಲಿನತ್ತ ಬೆರಳು ತೋರಿಸುತ್ತಿದ್ದವು. 2021ರಲ್ಲಿ ಬಂದ 3.10ನೆಯ ಆವೃತ್ತಿಯಿಂದೀಚೆಗೆ, ಆವರಣವನ್ನು ಮುಚ್ಚಿಯೇ ಇಲ್ಲವೆಂದು ನೇರವಾಗಿಯೇ ಹೇಳುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ಅಥವಾ ವರ್ಡ್ ಕಡತದಲ್ಲಿದ್ದ ಕ್ರಮವಿಧಿಯನ್ನು ಎತ್ತಿ ಅಂಟಿಸಿದಾಗ ಬಾಗಿದ ಉದ್ಧರಣ ಚಿಹ್ನೆಗಳು ಸೇರಿಕೊಳ್ಳುವುದುಂಟು. ಕಣ್ಣಿಗೆ ಅವು ಸುಂದರ, ಪೈಥಾನಿಗೆ ಅಪರಿಚಿತ. ಅಳಿಸಿ ನೆಟ್ಟಗಿನ ಚಿಹ್ನೆಯನ್ನು ಕೀಲಿಮಣೆಯಿಂದಲೇ ಹಾಕತಕ್ಕದ್ದು. ಗ್ರಂಥಾಲಯದ ಹಳೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಬರೆಯುವವರಿಗೆ ಇನ್ನೊಂದು ತೊಡಕು. 2008ರಲ್ಲಿ ಬಂದ ಮೂರನೆಯ ಪೈಥಾನಿನಲ್ಲಿ ಪ್ರಿಂಟ್ ಎಂಬುದರ ಮುಂದೆ ಆವರಣಚಿಹ್ನೆ ಕಡ್ಡಾಯವಾಯಿತು. ಎರಡನೆಯ ಪೈಥಾನಿಗೆ ಅದು ಬೇಕಿರಲಿಲ್ಲ. ಎರಡನೆಯದರ ಪೋಷಣೆ 2020ರ ಜನವರಿ 1ರಂದು ನಿಂತುಹೋಯಿತು. ಪುಸ್ತಕದಲ್ಲಿದ್ದಂತೆಯೇ ಬರೆದರೂ ತಪ್ಪೆನ್ನುತ್ತದೆಯೆಂದು ಮಗು ಕಣ್ಣೀರಿಡುವ ಮೊದಲು ಪುಸ್ತಕದ ಮುದ್ರಣದ ವರ್ಷವನ್ನು ನೋಡುವುದು ಲೇಸು.

ಸಾಲಿನ ಮುಂದೆ ಸ್ಥಳ ಬಿಡುವುದು ಈ ಭಾಷೆಯ ವೈಶಿಷ್ಟ್ಯ. ಬೇರೆ ಭಾಷೆಗಳಲ್ಲಿ ಅದು ಅಂದಕ್ಕಾಗಿ, ಇಲ್ಲಿ ಅರ್ಥಕ್ಕಾಗಿ. ಪಾಠ ಹೇಳುವುದಕ್ಕೆಂದೇ ಅದೇ ಸಂಸ್ಥೆಯಲ್ಲಿ ರೂಪಿಸಿದ್ದ ಎ.ಬಿ.ಸಿ. ಎಂಬ ಹಿಂದಿನ ಭಾಷೆಯಿಂದ ಈ ಪದ್ಧತಿ ಬಂದಿತು. ಯಾವ ಯಾವ ಸಾಲುಗಳು ಷರತ್ತಿನ ಅಥವಾ ಆವರ್ತನದ ಒಳಗಿವೆ, ಯಾವುವು ಹೊರಗಿವೆ ಎಂಬುದನ್ನು ಆ ಖಾಲಿ ಸ್ಥಳವೇ ತಿಳಿಸುತ್ತದೆ. ಒಂದು ಹಂತಕ್ಕೆ ನಾಲ್ಕು ಖಾಲಿ ಸ್ಥಳಗಳನ್ನು ಬಿಡುವುದು ವಾಡಿಕೆ. ಒಂದೆಡೆ ಖಾಲಿ ಸ್ಥಳದ ಕೀಲಿ, ಇನ್ನೊಂದೆಡೆ ಟ್ಯಾಬ್ ಕೀಲಿ ಒತ್ತಿದರೆ ಕಣ್ಣಿಗೆ ಎರಡೂ ಸಮವಾಗಿ ಕಂಡರೂ ಯಂತ್ರ ಒಪ್ಪುವುದಿಲ್ಲ. ಇಷ್ಟು ಮಾತ್ರವಾದರೆ ಚಿಂತೆಯಿಲ್ಲ. ಹತ್ತು ಅಂಕಿಗಳನ್ನು ಕೂಡಿಸಿ ಕೊನೆಗೊಮ್ಮೆ ಮೊತ್ತವನ್ನು ಅಚ್ಚುಮಾಡಬೇಕಾದ ಸಾಲು ಆವರ್ತನದ ಒಳಕ್ಕೆ ಸರಿದುಬಿಟ್ಟರೆ ಮೊತ್ತ ಹತ್ತು ಸಲ ಅಚ್ಚಾಗುತ್ತದೆ. ಕೆಂಪು ಸಾಲು ಬರುವುದಿಲ್ಲ. ಯಂತ್ರಕ್ಕೆ ಯಾವ ಆಕ್ಷೇಪವೂ ಇಲ್ಲ. ಹೀಗೆ ಯಂತ್ರ ಸುಮ್ಮನಿರುವ ತಪ್ಪುಗಳೇ ಹೆಚ್ಚು ಅಪಾಯಕಾರಿ. ಲೇಖನದ ಮುಖ್ಯ ಭಾಗವೂ ಅವೇ.

ದಾಸೋಹದ ಉಗ್ರಾಣದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಇದ್ದ ಅಕ್ಕಿಮೂಟೆ ಎಷ್ಟು, ಬಂದ ಮೂಟೆ ಎಷ್ಟು ಎಂದು ಕೇಳಿ ಕೂಡಿಸುವ ಮೂರು ಸಾಲಿನ ಕ್ರಮವಿಧಿ:

ಇದ್ದದ್ದು = ಇನ್‌ಪುಟ್()
ಬಂದದ್ದು = ಇನ್‌ಪುಟ್()
ಪ್ರಿಂಟ್(ಇದ್ದದ್ದು + ಬಂದದ್ದು)

ಮೊದಲ ಪ್ರಶ್ನೆಗೆ 12 ಎಂದೂ ಎರಡನೆಯದಕ್ಕೆ 5 ಎಂದೂ ಕೊಟ್ಟರೆ ಪರದೆಯ ಮೇಲೆ ಮೂಡುವ ಉತ್ತರ 125. ಉಗ್ರಾಣದಲ್ಲಿ 17 ಮೂಟೆ; ಕಡತದಲ್ಲಿ 125. ಕಾರಣವಿಷ್ಟೆ: ಇನ್‌ಪುಟ್ ಎಂಬುದು ಕೀಲಿಮಣೆಯಿಂದ ಬಂದದ್ದನ್ನು ಅಕ್ಷರಗಳ ಸರವೆಂದೇ ಎತ್ತಿಕೊಳ್ಳುತ್ತದೆ. ಅದಕ್ಕೆ 12 ಎಂಬುದು ಹನ್ನೆರಡಲ್ಲ. ಒಂದು ಎಂಬ ಗುರುತು, ಅದರ ಪಕ್ಕದಲ್ಲಿ ಎರಡು ಎಂಬ ಗುರುತು. ಎರಡು ಸರಗಳ ನಡುವೆ ಕೂಡುವ ಚಿಹ್ನೆಯನ್ನಿಟ್ಟರೆ ಒಂದರ ತುದಿಗೆ ಇನ್ನೊಂದನ್ನು ಪೋಣಿಸುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಇದು ಸಂಕಲನವಲ್ಲ, ಸಮಾಸ. ಇನ್‌ಪುಟ್ ಎಂಬುದನ್ನು ಇಂಟ್ ಎಂಬ ಆಜ್ಞೆಯ ಆವರಣದೊಳಗೆ ಇಟ್ಟು ‘ಇಂಟ್(ಇನ್‌ಪುಟ್())’ ಎಂದು ಬರೆದರೆ ಅಕ್ಷರಗಳು ಪೂರ್ಣಾಂಕವಾಗುತ್ತವೆ, ಉತ್ತರ 17 ಬರುತ್ತದೆ. ಮೂಟೆಯ ಬದಲು 12.5 ಕ್ವಿಂಟಾಲ್ ಎಂದು ಕೊಟ್ಟರೆ ಇಂಟ್ ಒಪ್ಪದೆ ವ್ಯಾಲ್ಯೂ ಎರರ್ ಕೊಡುತ್ತದೆ. ಅಲ್ಲಿ ಫ್ಲೋಟ್ ಎಂಬುದನ್ನು ಬಳಸಬೇಕು. ಗಮನಿಸಿರಿ: ಈ ಎರಡನೆಯ ಸಂದರ್ಭದಲ್ಲಿ ಯಂತ್ರ ಕೂಗಿತು, ನಾವು ತಿದ್ದಿಕೊಂಡೆವು. ಮೊದಲನೆಯದರಲ್ಲಿ ಅದು ಕೂಗಲಿಲ್ಲ. ಕೂಗಿದ ದೋಷಕ್ಕೆ ಹೆದರಿ, ಕೂಗದ ಉತ್ತರವನ್ನು ನಂಬುವುದು ಹೊಸಬರ ಸ್ವಭಾವ. ಕ್ರಮವಿಧಿ ನಡೆಯಿತೆಂಬುದೂ ಸರಿಯಾಗಿ ನಡೆಯಿತೆಂಬುದೂ ಎರಡು ಬೇರೆ ಬೇರೆ ಮಾತುಗಳು.

ಇನ್ನೂ ಗಂಭೀರವಾದ ಉದಾಹರಣೆ ಪರೀಕ್ಷೆಯ ಫಲಿತಾಂಶದ್ದು. ಉತ್ತೀರ್ಣಾಂಕ 35 ಎಂದಿಟ್ಟುಕೊಳ್ಳಿ. ಅಂಕ 35ಕ್ಕಿಂತ ಹೆಚ್ಚಾಗಿದ್ದರೆ ಉತ್ತೀರ್ಣ, ಇಲ್ಲವಾದರೆ ಅನುತ್ತೀರ್ಣ ಎಂದು ಬರೆದ ಕ್ರಮವಿಧಿಯಲ್ಲಿ ಸರಿಯಾಗಿ 35 ಪಡೆದ ವಿದ್ಯಾರ್ಥಿ ನಪಾಸಾಗುತ್ತಾನೆ. ‘ಹೆಚ್ಚು’ ಎಂಬ ಗುರುತಿನ ಪಕ್ಕದಲ್ಲಿ ‘ಸಮ’ ಎಂಬ ಗುರುತೊಂದನ್ನು ಬಿಟ್ಟದ್ದರ ಫಲ ಅದು. ನೂರು ಮಕ್ಕಳ ಪಟ್ಟಿಯಲ್ಲಿ 36 ಪಡೆದವನದೂ ಸರಿ, 34 ಪಡೆದವನದೂ ಸರಿ. ಗಡಿಯ ಮೇಲೆ ನಿಂತ ಒಬ್ಬ ಮಗುವಿಗೆ ಮಾತ್ರ ಅನ್ಯಾಯ. ಮೇಲುನೋಟಕ್ಕೆ ಪಟ್ಟಿ ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಆದ್ದರಿಂದ ಷರತ್ತುಗಳನ್ನು ಬರೆದಾಗಲೆಲ್ಲ ಗಡಿಯ ಕೆಳಗಿನ ಒಂದು, ಗಡಿಯ ಮೇಲಿನ ಒಂದು, ಗಡಿಯೇ ಆದ ಒಂದು, ಹೀಗೆ ಮೂರು ಬೆಲೆಗಳನ್ನು ಕೊಟ್ಟು ನೋಡುವುದನ್ನು ನಿಯಮವಾಗಿ ಪಾಲಿಸತಕ್ಕದ್ದು. ಷರತ್ತುಗಳ ಅನುಕ್ರಮವೂ ಮುಖ್ಯ. 35ಕ್ಕೆ ಉತ್ತೀರ್ಣ ಎಂಬುದನ್ನು ಮೊದಲು ಕೇಳಿ, 85ಕ್ಕೆ ಅತ್ಯುನ್ನತ ಶ್ರೇಣಿ ಎಂಬುದನ್ನು ಎಲಿಫ್ ಎಂಬ ಪದದಿಂದ ಆಮೇಲೆ ಕೇಳಿದರೆ, 90 ಪಡೆದವನು ಮೊದಲ ಬಾಗಿಲಲ್ಲಿಯೇ ಒಳಹೊಕ್ಕು ಕೇವಲ ಉತ್ತೀರ್ಣನಾಗಿ ಹೊರಬರುತ್ತಾನೆ. ಎರಡನೆಯ ಬಾಗಿಲಿಗೆ ಯಾರೂ ಬರುವುದೇ ಇಲ್ಲ.

ಸಮಚಿಹ್ನೆಯ ವಿಷಯದಲ್ಲಿಯೂ ಒಂದು ಮಾತು. ಗಣಿತದಲ್ಲಿ ಅದಕ್ಕೆ ಒಂದೇ ಅರ್ಥ. ಇಲ್ಲಿ ಒಂಟಿ ಸಮಚಿಹ್ನೆ ಹೆಸರಿಡುವುದಕ್ಕೆ, ಜೋಡಿ ಸಮಚಿಹ್ನೆ ಹೋಲಿಸಿ ಕೇಳುವುದಕ್ಕೆ. ಇಫ್ ಎಂಬುದರ ಮುಂದೆ ಒಂಟಿಯನ್ನು ಬರೆದರೆ ಪೈಥಾನ್ ತಡೆಯುತ್ತದೆ. ಸಿ ಭಾಷೆ ತಡೆಯುವುದಿಲ್ಲ, ಆ ಮಟ್ಟಿಗೆ ಪೈಥಾನ್ ದಯಾವಂತ. ಆದರೆ ‘ಉತ್ತರವು ಹೌದು ಅಥವಾ ಸರಿ ಎಂದಿದ್ದರೆ’ ಎಂದು ನಾವು ಆಡುವ ಮಾತನ್ನು ಹಾಗೆಯೇ ಬರೆದಲ್ಲಿ ದಯೆ ಮುಗಿಯುತ್ತದೆ.

ಇಫ್ ಉತ್ತರ == "ಹೌದು" ಆರ್ "ಸರಿ":

ಹೀಗೆ ಬರೆದರೆ ಉತ್ತರ ಏನೇ ಇದ್ದರೂ, ಬೇಡವೆಂದೇ ಇದ್ದರೂ, ಷರತ್ತು ನಿಜವಾಗುತ್ತದೆ. ಯಂತ್ರ ಇದನ್ನು ಎರಡು ಸ್ವತಂತ್ರ ಪ್ರಶ್ನೆಗಳನ್ನಾಗಿ ಓದುತ್ತದೆ: ಉತ್ತರ ಹೌದು ಎಂದಿದೆಯೇ? ಅಥವಾ, "ಸರಿ" ಎಂಬುದು ನಿಜವೇ? ಖಾಲಿಯಲ್ಲದ ಅಕ್ಷರಸರವೆಲ್ಲವೂ ಪೈಥಾನಿಗೆ ನಿಜವೇ. ‘ಉತ್ತರ ==’ ಎಂಬುದನ್ನು ಆರ್ ಪದದ ಆಚೆಗೂ ಮತ್ತೊಮ್ಮೆ ಬರೆಯುವುದೇ ಪರಿಹಾರ. ಕನ್ನಡದಲ್ಲಿ ಕೇಳುಗನು ಬಿಟ್ಟ ಪದವನ್ನು ತಾನೇ ತುಂಬಿಕೊಳ್ಳುತ್ತಾನೆ, ಯಂತ್ರ ತುಂಬಿಕೊಳ್ಳುವುದಿಲ್ಲ.

ಮಗ್ಗಿಯನ್ನು ಅಚ್ಚುಮಾಡುವ ಪಾಠ ಎಲ್ಲ ತರಗತಿಗಳಲ್ಲಿಯೂ ಇರುವುದಷ್ಟೆ. ರೇಂಜ್(1, 10) ಎಂದು ಬರೆದವರ ಮಗ್ಗಿ ಒಂಬತ್ತಕ್ಕೆ ನಿಲ್ಲುತ್ತದೆ, ಏಕೆಂದರೆ ರೇಂಜ್ ಎಂಬುದು ಎರಡನೆಯ ಸಂಖ್ಯೆಯನ್ನು ಮುಟ್ಟುವುದಿಲ್ಲ. ಹತ್ತರವರೆಗೆ ಬೇಕಾದರೆ 11 ಎನ್ನಬೇಕು. ಪಟ್ಟಿಯ ಎಣಿಕೆಯೂ ಸೊನ್ನೆಯಿಂದ ಆರಂಭ. ಐದು ಹೆಸರುಗಳ ಪಟ್ಟಿಯಲ್ಲಿ ಕೊನೆಯದರ ಸ್ಥಾನ 4. ಇದು ವಿಚಿತ್ರವೆಂದು ತೋರಿದರೆ ಅಳತೆಪಟ್ಟಿಯನ್ನು ನೆನೆಯಿರಿ: ಮೊದಲ ಅಂಗುಲವು ಸೊನ್ನೆಯ ಗೆರೆಯಿಂದಲೇ ಆರಂಭವಾಗುತ್ತದೆ.

ಸರಾಸರಿಯ ಲೆಕ್ಕದಲ್ಲಿ ಆವರಣಚಿಹ್ನೆಯನ್ನು ಮರೆಯುವುದೂ ಸಾಮಾನ್ಯ. 60 + 70 + 80 / 3 ಎಂದು ಬರೆದರೆ ಯಂತ್ರ 80ನ್ನು ಮಾತ್ರ ಭಾಗಿಸಿ ಸುಮಾರು 156.67 ಎನ್ನುತ್ತದೆ. ಮೂರು ಸಂಖ್ಯೆಗಳ ಸರಾಸರಿ ಅವುಗಳಲ್ಲಿ ದೊಡ್ಡದಕ್ಕಿಂತ ಹೆಚ್ಚಾಗಲಾರದೆಂಬುದನ್ನು ನೀವು ಕೆಳತರಗತಿಯಲ್ಲಿಯೇ ಕಲಿತಿದ್ದೀರಿ. ಆ ಅರಿವನ್ನು ಗಣಕದ ಮುಂದೆ ಕುಳಿತೊಡನೆ ಬದಿಗಿಡುವುದೇಕೆ?

ಹೆಸರು ಮತ್ತು ವಸ್ತುವಿನ ಸಂಬಂಧ ಇನ್ನೂ ಸೂಕ್ಷ್ಮವಾದದ್ದು. ಹಾಜರಿಯ ಪಟ್ಟಿಯೊಂದಕ್ಕೆ ‘ನಿನ್ನೆ’ ಎಂದು ಹೆಸರಿದೆ. ‘ಇಂದು = ನಿನ್ನೆ’ ಎಂದು ಬರೆದು, ಇಂದಿನ ಪಟ್ಟಿಯಿಂದ ಒಂದು ಹೆಸರನ್ನು ತೆಗೆದರೆ ನಿನ್ನೆಯ ಪಟ್ಟಿಯಿಂದಲೂ ಆ ಹೆಸರು ಮಾಯವಾಗುತ್ತದೆ. ನಕಲು ಆಗಿದೆಯೆಂದು ನಾವು ಭಾವಿಸಿದೆವು. ಆದದ್ದು ಒಬ್ಬನೇ ವ್ಯಕ್ತಿಗೆ ಮನೆಯಲ್ಲೊಂದು, ಶಾಲೆಯಲ್ಲೊಂದು ಹೆಸರಿಟ್ಟಂತೆ. ಬೇರೆ ಪ್ರತಿ ಬೇಕಾದರೆ ‘ನಿನ್ನೆ.ಕಾಪಿ()’ ಎಂದು ಕೇಳಿ ಪಡೆಯಬೇಕು.

ಇನ್ನು ದಶಮಾಂಶ. 0.1 ಮತ್ತು 0.2 ಇವುಗಳ ಮೊತ್ತವನ್ನು ಕೇಳಿದರೆ ಪೈಥಾನ್ 0.30000000000000004 ಎನ್ನುತ್ತದೆ. ಯಂತ್ರ ಕೆಟ್ಟಿದೆಯೆಂದು ವಿದ್ಯಾರ್ಥಿಗಳು ನಗುತ್ತಾರೆ. ಮೂರರಲ್ಲೊಂದನ್ನು ನಾವು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುತ್ತದಲ್ಲವೆ? ಎರಡೇ ಅಂಕಿಗಳಲ್ಲಿ ಎಣಿಸುವ ಯಂತ್ರಕ್ಕೆ ಹತ್ತರಲ್ಲೊಂದು ಹಾಗೆಯೇ ಮುಗಿಯದ ಸಂಖ್ಯೆ, ಎಲ್ಲಿಯೋ ಕತ್ತರಿಸಲೇಬೇಕು. ಕತ್ತರಿಸಿದ ಚೂರು ಅತ್ಯಲ್ಪ. ಆದರೆ ಅಲ್ಪವಾದದ್ದು ಬೆಳೆಯುವುದುಂಟು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಎರಗಿಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಾರದೆ ಹೋಯಿತು. 28 ಸೈನಿಕರು ಮಡಿದರು. ಅದು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಎಣಿಸುತ್ತಿತ್ತು. 0.1ನ್ನು 24 ಬಿಟ್ಟುಗಳಿಗೆ ಕತ್ತರಿಸಿದ್ದರಿಂದ ಉಳಿದ ಚೂರು, ಯಂತ್ರ ಸುಮಾರು 100 ಗಂಟೆ ಸತತವಾಗಿ ನಡೆದುದರಿಂದ 0.34 ಸೆಕೆಂಡಿನಷ್ಟು ಬೆಳೆದಿತ್ತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸುತ್ತದೆ. ನಮ್ಮ ಕೆಲಸ ಅಷ್ಟು ಭಯಂಕರವಾದದ್ದಲ್ಲ. ಆದರೂ ಹಣದ ಲೆಕ್ಕವನ್ನು ರೂಪಾಯಿಯ ದಶಮಾಂಶದಲ್ಲಿಡದೆ ಪೈಸೆಯ ಪೂರ್ಣಾಂಕದಲ್ಲಿಟ್ಟು, ಕೊನೆಗೆ ತೋರಿಸುವಾಗ ಮಾತ್ರ ರೂಪಾಯಿ ಮಾಡುವುದು ಸುರಕ್ಷಿತ. ಎರಡು ದಶಮಾಂಶ ಸಂಖ್ಯೆಗಳನ್ನು ಜೋಡಿ ಸಮಚಿಹ್ನೆಯಿಂದ ಹೋಲಿಸುವುದನ್ನೂ ಬಿಡಬೇಕು.

ಇಂಥ ಮೂಕ ದೋಷಗಳನ್ನು ಹಿಡಿಯುವ ಬಗೆ ಯಾವುದು? ಕ್ರಮವಿಧಿಯನ್ನು ನಡೆಸುವ ಮೊದಲು, ಚಿಕ್ಕ ಸಂಖ್ಯೆಗಳನ್ನಿಟ್ಟುಕೊಂಡು ಉತ್ತರವನ್ನು ಕೈಲೆಕ್ಕದಿಂದ ಕಂಡುಹಿಡಿದು ಹಲಗೆಯ ಮೇಲೆ ಬರೆದಿಡುವುದೇ ಎಲ್ಲಕ್ಕಿಂತ ಉತ್ತಮವಾದ ಉಪಾಯ. 12 ಮತ್ತು 5 ಎಂದರೆ 17 ಎಂದು ಮೊದಲೇ ಬರೆದಿಟ್ಟವನು 125ನ್ನು ಕಂಡು ಬೆಚ್ಚುತ್ತಾನೆ. ಬರೆಯದವನು, ಗಣಕವೇ ಹೇಳಿತೆಂದು ಕಡತಕ್ಕೆ ಏರಿಸುತ್ತಾನೆ. ಆಗಲೂ ಎಲ್ಲಿ ತಪ್ಪಿತೆಂದು ತಿಳಿಯದಿದ್ದರೆ ಹಲಗೆಯ ಮೇಲೆ ಹೆಸರುಗಳಿಗೊಂದೊಂದು ಕಂಬಸಾಲು ಎಳೆದು, ಪ್ರತಿ ಸಾಲು ನಡೆದಾಗ ಯಾವ ಹೆಸರಿನ ಬೆಲೆ ಎಷ್ಟಾಯಿತೆಂದು ಯಂತ್ರದ ಬದಲು ನೀವೇ ನಡೆಸುತ್ತ ಹೋಗಿರಿ. ನಡುನಡುವೆ ಪ್ರಿಂಟ್ ಸಾಲುಗಳನ್ನು ಸೇರಿಸಿ ಯಂತ್ರದ ಬೆಲೆಯನ್ನೂ ನೋಡಿರಿ. ನಿಮ್ಮ ಕಂಬಸಾಲೂ ಅದರ ಬೆಲೆಯೂ ಎಲ್ಲಿ ಅಗಲುತ್ತವೆಯೋ ಅಲ್ಲಿಯೇ ದೋಷ. ಸಹಪಾಠಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾಲನ್ನೂ ಕನ್ನಡದಲ್ಲಿ ವಿವರಿಸಿ ಹೇಳುವುದು ಮತ್ತೊಂದು ಉಪಾಯ. ಅವನು ಬಾಯಿ ತೆರೆಯುವ ಮೊದಲೇ, ಅನೇಕ ವೇಳೆ, ವಿವರಿಸುವವನಿಗೇ ತಪ್ಪು ಹೊಳೆಯುತ್ತದೆ. ಮುಗಿಯದೆ ಸುತ್ತುತ್ತಲೇ ಇರುವ ಆವರ್ತನವನ್ನು ನಿಲ್ಲಿಸಲು ಕಂಟ್ರೋಲ್ ಕೀಲಿಯೊಡನೆ ಸಿ ಕೀಲಿಯನ್ನು ಒತ್ತಿದರೆ ಸಾಕು. ವಿದ್ಯುತ್ತಿನ ಗುಂಡಿಯತ್ತ ಓಡಬೇಕಾಗಿಲ್ಲ.

ಈಗೀಗ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಕೆಂಪು ಸಾಲನ್ನು ಒಪ್ಪಿಸಿ, ತಿದ್ದಿದ ಕ್ರಮವಿಧಿಯನ್ನು ಪಡೆಯುವ ಅಭ್ಯಾಸ ಹರಡಿದೆ. ಅದನ್ನು ನಿಷೇಧಿಸುವುದರಲ್ಲಿ ಈ ಲೇಖಕನಿಗೆ ನಂಬಿಕೆಯಿಲ್ಲ. ಕೆಂಪು ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳೆಂದು ಕೇಳಿದರೆ ಅವು ಚೆನ್ನಾಗಿಯೇ ಹೇಳುತ್ತವೆ. ಆದರೆ ನಿಮ್ಮ ಶಾಲೆಯಲ್ಲಿ 35 ಪಡೆದವನು ಉತ್ತೀರ್ಣನೋ ಅಲ್ಲವೋ ಎಂಬುದನ್ನು ನೀವು ಹೇಳದಿದ್ದರೆ ಅದು ತಿಳಿಯದು. ಅದು ಕೊಟ್ಟ ಕ್ರಮವಿಧಿಯನ್ನೂ ಅದೇ ಮೂರು ಬೆಲೆಗಳಿಂದ ಪರೀಕ್ಷಿಸಬೇಕು.

ಕಡತಕ್ಕೆ ಹೆಸರಿಡುವಲ್ಲಿ ಒಂದು ವಿಚಿತ್ರವಾದ ತೊಡಕುಂಟು. ಪೈಥಾನಿನೊಡನೆ ಬರುವ ಟರ್ಟಲ್ ಎಂಬ ಪೂರಕ ಗ್ರಂಥದಿಂದ ಪರದೆಯ ಮೇಲೆ ಆಮೆಯೊಂದನ್ನು ನಡೆಸಿ ಚಿತ್ರ ಬರೆಯಬಹುದು. ಮಕ್ಕಳಿಗೆ ಬಹಳ ಪ್ರಿಯವಾದ ಪಾಠ. ಹುಡುಗನು ಚೌಕವನ್ನು ಬರೆಯುವ ಕ್ರಮವಿಧಿಯನ್ನು ರಚಿಸಿ, ಸಹಜವಾಗಿಯೇ, ಅದನ್ನು ಟರ್ಟಲ್ ಎಂಬ ಹೆಸರಿನಲ್ಲಿಯೇ ಉಳಿಸುತ್ತಾನೆ. ಆಮೇಲೆ ಯಂತ್ರವು ಟರ್ಟಲನ್ನು ಕರೆದಾಗ ಆ ಗ್ರಂಥದ ಬದಲು ಹುಡುಗನ ಕಡತವೇ ಎದ್ದುಬರುತ್ತದೆ. ಅದರಲ್ಲಿ ಮುಂದೆ ನಡೆಯೆಂಬ ಆಜ್ಞೆಯ ವಿವರಣೆಯೇ ಇಲ್ಲ. ಕ್ರಮವಿಧಿಯ ಒಂದು ಅಕ್ಷರವೂ ತಪ್ಪಿಲ್ಲದಿದ್ದರೂ ಕೆಂಪು ಸಾಲು ತಪ್ಪುವುದಿಲ್ಲ. ಕಡತದ ಹೆಸರನ್ನು ‘ನನ್ನ ಆಮೆ’ ಎಂಬರ್ಥದ ಬೇರೊಂದಕ್ಕೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ. ರ‍್ಯಾಂಡಮ್, ಮ್ಯಾಥ್ ಎಂಬ ಹೆಸರುಗಳನ್ನೂ ನಿಮ್ಮ ಕಡತಗಳಿಗೆ ಇಡಕೂಡದು.

ಕೊನೆಯದಾಗಿ ಕನ್ನಡಿಗರಿಗೇ ವಿಶೇಷವಾದ ಕೆಲವು ಸಂಗತಿಗಳು. ಮೂರನೆಯ ಪೈಥಾನಿನಲ್ಲಿ ಬೆಲೆಗಳಿಗೆ ಕನ್ನಡದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದು. ಮೇಲಿನ ‘ಇದ್ದದ್ದು’, ‘ಬಂದದ್ದು’ ಎಂಬ ಹೆಸರುಗಳನ್ನು ಯಂತ್ರ ಯಥಾವತ್ತಾಗಿ ಸ್ವೀಕರಿಸುತ್ತದೆ. ಉಗ್ರಾಣದವರು ಕೀಲಿಮಣೆಯಲ್ಲಿ ೧೨ ಎಂದು ಕನ್ನಡ ಅಂಕಿಗಳನ್ನು ಒತ್ತಿದರೂ ಇಂಟ್ ಎಂಬುದು ಅದನ್ನು ಹನ್ನೆರಡೆಂದೇ ಗ್ರಹಿಸುತ್ತದೆ. ಕ್ರಮವಿಧಿಯ ಒಳಗೆ ನೇರವಾಗಿ ೧೨ ಎಂದು ಬರೆದರೆ ಮಾತ್ರ ಒಪ್ಪುವುದಿಲ್ಲ. ಕನ್ನಡ ಹೆಸರುಗಳಿರುವ ಕಡತವನ್ನು ವಿಂಡೋಸ್ ಗಣಕದಲ್ಲಿ ಓಪನ್ ಎಂಬ ಆಜ್ಞೆಯಿಂದ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಲಿ ಯೂನಿಕೋಡ್ ಡಿಕೋಡ್ ಎರರ್ ಎಂಬ ದೋಷವಾಗಲಿ ಬಂದರೆ, ತೆರೆಯುವಾಗಲೇ ಎನ್‌ಕೋಡಿಂಗ್ ಎಂಬುದಕ್ಕೆ ಯು.ಟಿ.ಎಫ್.-8 ಎಂದು ತಿಳಿಸಬೇಕು.

ಅಕ್ಷರಗಳನ್ನು ಎಣಿಸುವಲ್ಲಿ ಬಹಳ ಸ್ವಾರಸ್ಯವಿದೆ. ಉದ್ದವನ್ನು ಹೇಳುವ ಲೆನ್ ಎಂಬ ಆಜ್ಞೆಗೆ ‘ಬಸವ’ ಎಂದು ಕೊಟ್ಟರೆ 3 ಎನ್ನುತ್ತದೆ. ‘ಬಸವಣ್ಣ’ ಎಂದು ಕೊಟ್ಟರೆ 4ರ ಬದಲು 6 ಎನ್ನುತ್ತದೆ. ‘ವಿದ್ಯಾರ್ಥಿ’ ಎಂಬುದಕ್ಕೆ 10. ಯೂನಿಕೋಡ್ ಪದ್ಧತಿಯಲ್ಲಿ ವ್ಯಂಜನಕ್ಕೊಂದು, ಸ್ವರದ ಗುಣಿತಕ್ಕೊಂದು, ಒತ್ತಕ್ಷರವನ್ನು ಕೂಡಿಸುವ ಅರ್ಧಾಕ್ಷರ ಚಿಹ್ನೆಗೊಂದು ಪ್ರತ್ಯೇಕ ಸಂಕೇತವಿರುವುದರಿಂದ ಹೀಗಾಗುತ್ತದೆ: ವ, ಇಕಾರ, ದ, ಅರ್ಧಾಕ್ಷರ ಚಿಹ್ನೆ, ಯ, ಆಕಾರ, ರ, ಅರ್ಧಾಕ್ಷರ ಚಿಹ್ನೆ, ಥ, ಇಕಾರ. ಯಂತ್ರ ತಪ್ಪೆಣಿಸಲಿಲ್ಲ, ಅಕ್ಷರವೆಂದರೆ ಏನೆಂಬುದನ್ನು ನಾವು ಅದಕ್ಕೆ ಹೇಳಿರಲಿಲ್ಲ.

ನಮ್ಮ ವ್ಯಾಕರಣದ ಅಕ್ಷರಗಳನ್ನು ಎಣಿಸುವ ಕ್ರಮವಿಧಿಯನ್ನು ಓದುಗರು ತಾವೇ ರಚಿಸಲೆಂದು ಇಲ್ಲಿ ಬಿಟ್ಟಿದೆ. ದಾರಿ ಹೀಗಿದೆ: ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗಿರಿ. ಗುಣಿತದ ಚಿಹ್ನೆ, ಅರ್ಧಾಕ್ಷರ ಚಿಹ್ನೆ, ಅನುಸ್ವಾರ, ವಿಸರ್ಗ ಬಂದರೆ ಎಣಿಸಬೇಡಿರಿ. ಸ್ವರ ಅಥವಾ ವ್ಯಂಜನ ಬಂದರೆ ಅದರ ಹಿಂದಿನ ಸಂಕೇತವನ್ನು ನೋಡಿ, ಅದು ಅರ್ಧಾಕ್ಷರ ಚಿಹ್ನೆಯಲ್ಲದಿದ್ದರೆ ಮಾತ್ರ ಒಂದನ್ನು ಕೂಡಿಸಿರಿ. ‘ವಿದ್ಯಾರ್ಥಿ’ ಎಂಬುದಕ್ಕೆ 3, ‘ಬಸವಣ್ಣ’ ಎಂಬುದಕ್ಕೆ 4 ಬರಬೇಕು. ನಡೆಸುವ ಮೊದಲು ಈ ಉತ್ತರಗಳನ್ನು ಹಲಗೆಯ ಮೇಲೆ ಬರೆದಿಟ್ಟುಕೊಳ್ಳಿರಿ. ಬಳಿಕ ‘ರಾಜ್‌ಕುಮಾರ್’ ಎಂಬ ಹೆಸರನ್ನು ಕೊಟ್ಟು ನೋಡಿರಿ. ಉತ್ತರ 5 ಆಗಬೇಕು. 6 ಬಂದರೆ, ಜ್ ಮತ್ತು ಕು ಇವೆರಡೂ ಒತ್ತಕ್ಷರವಾಗಿ ಬೆಸೆಯದಂತೆ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿರುತ್ತದೆ, ನಿಮ್ಮ ಕ್ರಮವಿಧಿ ಅದನ್ನೂ ಎಣಿಸಿದೆ.